ತಾಲೀಮಿನ ಬೆಟ್ಟ

ಉತ್ತರ ವೇಲ್ಸಿನಲ್ಲಿ ಎರಡು ರಸ್ತೆಗಳು ಕೂಡುವ ಜಾಗದಲ್ಲಿ ಪೆನ್-ಎ-ಗೂರಿಡ್ ಎಂಬ ಹಳೆಯ ಹೋಟೆಲೊಂದಿದೆ. ಸುತ್ತ ಬೋಳು ಬೆಟ್ಟಗಳು, ಹಿಡಿದರೆ ಬಿಡದ ಮಳೆ, ಚಳಿಗಾಲದಲ್ಲಿ ಹಿಮ. ಆ ಹೋಟೆಲಿನ ಒಂದು ಕೋಣೆಯಲ್ಲಿ ಕತ್ತೆತ್ತಿ ನೋಡಿದರೆ ಚಾವಣಿಯ ತುಂಬ ಸಹಿಗಳು. ಜಾನ್ ಹಂಟ್, ಎಡ್ಮಂಡ್ ಹಿಲರಿ, ತೇನ್‌ಸಿಂಗ್ ನೋರ್ಗೆ ಮುಂತಾದವರವು. 1953ರಲ್ಲಿ ಎವರೆಸ್ಟ್ ಏರಿದ ತಂಡ ಹೊರಡುವ ಮೊದಲು ತಾಲೀಮಿಗೆ ಬಂದದ್ದು ಈ ಕಣಿವೆಗೆ. ಗೆದ್ದ ಮೇಲೆ ಮತ್ತೆ ಮತ್ತೆ ಬಂದು ಒಟ್ಟಿಗೆ ಕೂತು ಉಂಡದ್ದೂ ಇಲ್ಲಿಯೇ.

ಹೋಟೆಲಿನ ಹತ್ತಿರವೇ ಸ್ನೋಡನ್ ಬೆಟ್ಟವಿದೆ. ವೇಲ್ಸ್ ಭಾಷೆಯಲ್ಲಿ ಅದರ ಹೆಸರು ‘ಅರ್ ವಿದ್ವ’. ಹಾಗೆಂದರೆ ಗೋರಿಯ ದಿಬ್ಬ. ಆರ್ಥರ್ ರಾಜ ಕೊಂದ ರೀಟಾ ಎಂಬ ರಾಕ್ಷಸನನ್ನು ಅಲ್ಲಿ ಹೂತಿದ್ದಾರೆಂದು ಜನ ಹೇಳುತ್ತಾರೆ. 2022ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ ಇಂಗ್ಲಿಷ್ ಹೆಸರನ್ನು ಬಿಟ್ಟು ಈ ಹಳೆಯ ಹೆಸರನ್ನೇ ಬಳಸುತ್ತಿದೆ. ಬೆಟ್ಟದ ಎತ್ತರ 1,085 ಮೀಟರ್. ನಮ್ಮ ಲೆಕ್ಕದಲ್ಲಿ ಇದೇನೂ ದೊಡ್ಡದಲ್ಲ. ಬೆಂಗಳೂರಿನವರು ಬೆಳಗಿನ ಜಾವ ಬೈಕಿನಲ್ಲಿ ಹೋಗಿ ಇಡ್ಲಿ ತಿಂದು ಬರುವ ನಂದಿಬೆಟ್ಟ ಇದಕ್ಕಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ಪಕ್ಕ ನಿಲ್ಲಿಸಿದರೆ ಸ್ನೋಡನ್ ಅದರ ಸೊಂಟಕ್ಕೆ ಬಂದೀತು ಅಷ್ಟೆ. ಆದರೆ ಅದು ಭೂಮಧ್ಯರೇಖೆಯಿಂದ 53 ಡಿಗ್ರಿ ಉತ್ತರದಲ್ಲಿದೆ, ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಡಿಸೆಂಬರ್ ಬಂತೆಂದರೆ ಅದೇ ಕಡಿದಾದ ದಾರಿಯ ಮೇಲೆ ಹಿಮ ಬೀಳುತ್ತದೆ, ಕರಗುತ್ತದೆ, ರಾತ್ರಿ ಮತ್ತೆ ಗಾಜಿನಂತೆ ಗಟ್ಟಿಯಾಗುತ್ತದೆ. ಎರಡು ದಿನ ರಜೆ ಸಿಕ್ಕ ಇಂಗ್ಲೆಂಡಿನ ಏರುಗರಿಗೆ ಆಲ್ಪ್ಸ್‌ನ ರುಚಿ ತೋರಿಸಲು ಅಷ್ಟು ಸಾಕಾಗಿತ್ತು.

ತಾಲೀಮು ಎಂಬ ಮಾತನ್ನು ನಾವು ಗರಡಿ ಮನೆಯಲ್ಲೂ ಬಳಸುತ್ತೇವೆ, ನಾಟಕದ ಮನೆಯಲ್ಲೂ ಬಳಸುತ್ತೇವೆ. ಎರಡೂ ಕಡೆ ಅರ್ಥ ಒಂದೇ: ನಿಜವಾದದ್ದು ಮುಂದಿದೆ, ಇಲ್ಲಿ ಬಿದ್ದರೆ ಎದ್ದು ಮತ್ತೆ ಮಾಡಬಹುದು. ಈ ಬೆಟ್ಟದಲ್ಲಿ ನಡೆದ ಮೂರು ತಾಲೀಮುಗಳ ಕಥೆ ಹೇಳುತ್ತೇನೆ. ಮೂರೂ ಚಿಕ್ಕ ರಜೆಗಳೇ. ಆದರೆ ಅವು ಕರೆದುಕೊಂಡು ಹೋದ ಜಾಗಗಳು ಚಿಕ್ಕವಲ್ಲ.

*

ಮೊದಲನೆಯದು 1860ರ ಡಿಸೆಂಬರಿನ ಕೊನೆಯ ವಾರದ್ದು. ಲಂಡನ್ನಿನಿಂದ ಮೂವರು ವಿಜ್ಞಾನಿಗಳು ರೈಲು ಹತ್ತಿ ಬಾಂಗರ್ ಕಡೆಗೆ ಹೊರಟರು. ಒಬ್ಬ ಜಾನ್ ಟಿಂಡಾಲ್. ಐರ್ಲೆಂಡಿನಲ್ಲಿ ಹುಟ್ಟಿದವ, ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕ. ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳು ಶಾಖವನ್ನು ಹೀರಿ ಹಿಡಿದಿಡುತ್ತವೆ ಎಂಬುದನ್ನು ಹಿಂದಿನ ವರ್ಷವಷ್ಟೇ ಪ್ರಯೋಗದಿಂದ ತೋರಿಸಿದ್ದ. ಇವತ್ತು ನಾವು ಭೂಮಿಯ ಬಿಸಿಯ ಬಗ್ಗೆ ಆಡುವ ಮಾತುಗಳಿಗೆಲ್ಲ ಆ ಪ್ರಯೋಗಗಳು ಅಡಿಪಾಯ. ಇನ್ನೊಬ್ಬ ಜಾರ್ಜ್ ಬಸ್ಕ್, ವೈದ್ಯ, ಪ್ರಾಣಿಶಾಸ್ತ್ರಜ್ಞ. ಮೂರನೆಯವ ಥಾಮಸ್ ಹೆನ್ರಿ ಹಕ್ಸ್ಲಿ. ಅದೇ ಜೂನಿನಲ್ಲಿ ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಎದುರು ನಿಂತು ಡಾರ್ವಿನ್ನನ ಪರವಾಗಿ ವಾದ ಮಾಡಿ ಊರೆಲ್ಲ ಹೆಸರಾಗಿದ್ದ.

ಜೂನಿನ ಆ ಹಕ್ಸ್ಲಿಗೂ ಡಿಸೆಂಬರಿನ ಈ ಹಕ್ಸ್ಲಿಗೂ ನಡುವೆ ಒಂದು ಸಾವು ನಡೆದುಹೋಗಿತ್ತು. ಸೆಪ್ಟೆಂಬರಿನಲ್ಲಿ ಅವನ ಚೊಚ್ಚಲ ಮಗ ನೋಯೆಲ್ ಸ್ಕಾರ್ಲೆಟ್ ಜ್ವರ ಬಂದು ತೀರಿಕೊಂಡ. ಮಗು ಹುಟ್ಟಿದ್ದು 1856ರ ಡಿಸೆಂಬರ್ 31ರಂದು. ಅಂದರೆ ಈ ಮೂವರು ಬೆಟ್ಟಕ್ಕೆ ಹೊರಟ ವಾರದಲ್ಲೇ ಅವನಿಗೆ ನಾಲ್ಕು ತುಂಬಬೇಕಿತ್ತು. ಮನೆಯಲ್ಲಿ ಹೆಂಡತಿ ಬಾಣಂತಿ. ಎರಡು ವಾರದ ಹಿಂದೆ ಮತ್ತೊಂದು ಗಂಡುಮಗು ಹುಟ್ಟಿತ್ತು. ಒಂದು ತೊಟ್ಟಿಲು ಖಾಲಿಯಾದ ಮನೆಯಲ್ಲಿ ಇನ್ನೊಂದು ತೊಟ್ಟಿಲು ತೂಗುತ್ತಿತ್ತು. ಅಂಥ ಹೊತ್ತಿನಲ್ಲಿ ಅವನು ಗೆಳೆಯರ ಜೊತೆ ಹಿಮದ ಬೆಟ್ಟಕ್ಕೆ ಹೊರಟ.

ಟಿಂಡಾಲ್‌ಗೆ ಹಿಮ ಹೊಸದಲ್ಲ. ಹಕ್ಸ್ಲಿಯ ಜೊತೆಯಲ್ಲೇ 1856ರಲ್ಲಿ ಆಲ್ಪ್ಸ್‌ಗೆ ಹೋಗಿ ಹಿಮನದಿಗಳು ಹೇಗೆ ಸರಿಯುತ್ತವೆಂದು ನೋಡಿ ಬಂದಿದ್ದ. ಮೋಂಟ್ ಬ್ಲಾಂಕ್ ಏರಿದ್ದ, 1858ರಲ್ಲಿ ಮೊಂಟೆ ರೋಸಾವನ್ನು ಒಬ್ಬನೇ ಹತ್ತಿದ್ದ. ಆದರೆ ವೇಲ್ಸಿಗೆ ಬರುವಾಗ ಮೂವರ ಬಳಿಯೂ ಹಿಮದಲ್ಲಿ ಊರುವ ಕೋಲಿರಲಿಲ್ಲ. ದಾರಿಯಲ್ಲಿ ಬೆಥೆಸ್ಡಾ ಎಂಬ ಊರು. ಸ್ಲೇಟ್ ಕಲ್ಲಿನ ದೊಡ್ಡ ಗಣಿ ಇರುವ ಊರದು. ಅಲ್ಲಿ ಹುಲ್ಲು ಗೋರುವ ಕುಂಟೆಯ ಹಿಡಿಕೆಗಳನ್ನು ಕೊಂಡು, ಕಮ್ಮಾರನ ಕುಲುಮೆಗೆ ಒಯ್ದು, ತುದಿಗೆ ಕಬ್ಬಿಣದ ಬಳೆಯನ್ನೂ ಮೊಳೆಯನ್ನೂ ಹಾಕಿಸಿದರು. ಆಲ್ಪ್ಸ್‌ನ ಊರುಗೋಲು ವೇಲ್ಸಿನ ಕಮ್ಮಾರನ ಕೈಯಲ್ಲಿ ಹೀಗೆ ತಯಾರಾಯಿತು.

ಮಂಡಿಯುದ್ದದ ಹಿಮದಲ್ಲಿ ಕಾಲು ಕಿತ್ತು ಕಿತ್ತು ಇಡುತ್ತ ಅವರು ಏರಿದರು. ತುದಿಯಲ್ಲಿದ್ದ ಗುಡಿಸಲು ಹೆಪ್ಪುಗಟ್ಟಿದ ಹಿಮದ ಹರಳುಗಳಿಂದ ಮುಚ್ಚಿಹೋಗಿತ್ತು. ಅಲ್ಲಿಂದ ಕಂಡ ನೋಟ ಆಲ್ಪ್ಸ್‌ನ ಪಕ್ಕದಲ್ಲಿಟ್ಟು ನೋಡಬಹುದಾದಷ್ಟು ಚೆಂದವಿತ್ತೆಂದು ಟಿಂಡಾಲ್ ಮುಂದೆ ಬರೆದ. ಹಕ್ಸ್ಲಿಗೆ ಅಲ್ಲಿ ಏನನ್ನಿಸಿತು ಎಂದು ನಾನು ಊಹಿಸಲು ಹೋಗುವುದಿಲ್ಲ. ಮಗ ಸತ್ತ ಕೆಲವೇ ದಿನಗಳಲ್ಲಿ, ಚಾರ್ಲ್ಸ್ ಕಿಂಗ್ಸ್ಲಿಗೆ ಬರೆದ ಹೆಸರಾಂತ ಪತ್ರದಲ್ಲಿ ಅವನು ಸಾವಿನಾಚೆಯ ಸಮಾಧಾನವನ್ನು ಒಪ್ಪಲಾರೆನೆಂದು ಹೇಳಿಬಿಟ್ಟಿದ್ದ. ಸುಳ್ಳು ಸಮಾಧಾನ ಬೇಡವೆಂದವನಿಗೆ ಗೆಳೆಯರು ಮಾತಿನ ಬದಲು ಒಂದು ಏರನ್ನು ಕೊಟ್ಟರು. ಹಿಮದಲ್ಲಿ ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ನೋಡುವವನಿಗೆ ಬೇರೆ ಯೋಚನೆಗೆ ಅಷ್ಟು ಬಿಡುವಿರುವುದಿಲ್ಲ. ಅಂದ ಹಾಗೆ, ಆ ಎರಡು ವಾರದ ಕೂಸಿನ ಹೆಸರು ಲಿಯೊನಾರ್ಡ್. ಮುಂದೆ ಅಪ್ಪನ ಜೀವನಚರಿತ್ರೆ ಬರೆದವನೂ ಅವನೇ. ಕಾದಂಬರಿಕಾರ ಆಲ್ಡಸ್ ಹಕ್ಸ್ಲಿ ಅವನ ಮಗ.

ಟಿಂಡಾಲ್‌ಗೆ ಈ ಏರು ನಿಜಕ್ಕೂ ತಾಲೀಮಾಯಿತು. ಎಂಟು ತಿಂಗಳು ತುಂಬುವಷ್ಟರಲ್ಲಿ, 1861ರ ಆಗಸ್ಟ್ 19ರಂದು, ಅದುವರೆಗೆ ಯಾರೂ ಏರದ ವೈಸ್‌ಹಾರ್ನ್ ಶಿಖರದ ಮೇಲೆ ಅವನು ನಿಂತಿದ್ದ. ಅವನನ್ನು ಅಲ್ಲಿಗೆ ಕರೆದೊಯ್ದವರು ಸ್ವಿಟ್ಜರ್ಲೆಂಡಿನ ಇಬ್ಬರು ಮಾರ್ಗದರ್ಶಿಗಳು. ಮುಖ್ಯನಾದವನು ಬೆನ್ನೆನ್. ಎರಡೂವರೆ ವರ್ಷದ ಮೇಲೆ, 1864ರ ಫೆಬ್ರವರಿಯಲ್ಲಿ, ಇದೇ ಬೆನ್ನೆನ್ ಬೇರೆಯವರ ಜೊತೆ ಓ ದ ಕ್ರಿ ಎಂಬ ಬೆಟ್ಟ ಹತ್ತುತ್ತಿದ್ದ. ಎದುರಿನ ಹಿಮದ ಇಳಿಜಾರು ಅವನಿಗೆ ಸರಿ ಕಾಣಲಿಲ್ಲ. ಆದರೂ ದಾಟಿದರು. ಹಿಮ ಕುಸಿಯಿತು, ಬೆನ್ನೆನ್ ಮತ್ತು ಇನ್ನೊಬ್ಬರು ಅದರಡಿಯಲ್ಲಿ ಸತ್ತರು. ಇತಿಹಾಸದ ಪುಸ್ತಕ ‘ಟಿಂಡಾಲ್ ವೈಸ್‌ಹಾರ್ನ್ ಏರಿದ’ ಎನ್ನುತ್ತದೆ. ಹಿಮದಲ್ಲಿ ಮೆಟ್ಟಿಲು ಕಡಿದವನ ಹೆಸರು ಅದರ ಕೆಳಗಿನ ಸಾಲಿನಲ್ಲಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

*

ಎರಡನೆಯ ತಾಲೀಮು ಒಂದು ಸಲದ್ದಲ್ಲ, ವರ್ಷ ವರ್ಷವೂ ನಡೆದದ್ದು. ಪೆನ್-ಎ-ಗೂರಿಡ್‌ನಿಂದ ಸ್ವಲ್ಪ ಮೇಲಕ್ಕೆ, ಕಣಿವೆಯ ನೆತ್ತಿಯಲ್ಲಿ ಪೆನ್-ಎ-ಪಾಸ್ ಎಂಬ ಜಾಗವಿದೆ. ಅಲ್ಲಿಯೂ ಒಂದು ಹೋಟೆಲಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದ ಜೆಫ್ರಿ ವಿಂತ್ರಾಪ್ ಯಂಗ್ ಎಂಬ ಕವಿ, ಏರುಗ ಈಸ್ಟರ್ ಮತ್ತು ಕ್ರಿಸ್‌ಮಸ್ ರಜೆಗೆ ತನ್ನ ಗೆಳೆಯರನ್ನೆಲ್ಲ ಅಲ್ಲಿ ಸೇರಿಸುತ್ತಿದ್ದ. ಮೇಷ್ಟ್ರುಗಳು, ಕೇಂಬ್ರಿಜ್ ವಿದ್ಯಾರ್ಥಿಗಳು, ವಿಜ್ಞಾನಿಗಳು, ಹೆಂಗಸರು, ಮಕ್ಕಳು ಎಲ್ಲರೂ ಬರುತ್ತಿದ್ದರು. ಹಗಲು ಲ್ಲಿವೆದ್ ಬಂಡೆಯನ್ನೋ ಕ್ರಿಬ್ ಗೋಖ್‌ನ ಕತ್ತಿಯಲಗಿನಂಥ ಏಣನ್ನೋ ಹತ್ತುವುದು, ಸಂಜೆ ಒದ್ದೆ ಬಟ್ಟೆ ಒಣಹಾಕಿ ಹಾಡು, ಹರಟೆ.

1909ರ ಹೊತ್ತಿಗೆ ಈ ಕೂಟಕ್ಕೆ ಒಬ್ಬ ಚೆಲುವ ತರುಣ ಬಂದ. ಹೆಸರು ಜಾರ್ಜ್ ಮ್ಯಾಲೊರಿ. ಬಂಡೆಯ ಮೇಲೆ ಅವನು ಹತ್ತುವುದಿಲ್ಲ, ಹರಿಯುತ್ತಾನೆ ಎಂದು ನೋಡಿದವರು ಹೇಳುತ್ತಿದ್ದರು. ಲ್ಲಿವೆದ್‌ನ ಒಂದು ಚಾಚಿನ ಮೇಲೆ ತಂಬಾಕಿನ ಪೈಪ್ ಮರೆತು ಬಂದ ಮ್ಯಾಲೊರಿ, ಕತ್ತಲಾಗುವ ಮೊದಲು ಯಾರೂ ಹೋಗದ ದಾರಿಯಲ್ಲಿ ಹೋಗಿ ಅದನ್ನು ತಂದನೆಂಬ ಕಥೆಯೊಂದು ಆ ಕಡೆ ಇವತ್ತಿಗೂ ಓಡಾಡುತ್ತದೆ. ಇಂಥ ಕಥೆಗಳಲ್ಲಿ ನಿಜ ಎಷ್ಟು, ಪ್ರೀತಿ ಎಷ್ಟು ಎಂದು ತೂಗಿ ಹೇಳುವುದು ಕಷ್ಟ.

ಆ ಕೂಟದ ಹುಡುಗರನ್ನು ಮೊದಲ ಮಹಾಯುದ್ಧ ಸುಮ್ಮನೆ ಬಿಡಲಿಲ್ಲ. ಇಂಗ್ಲೆಂಡಿನ ಬಂಡೆ ಹತ್ತುವವರಲ್ಲಿ ಆ ಕಾಲಕ್ಕೆ ಮೊದಲಿಗನೆನಿಸಿದ್ದ ಸೀಗ್‌ಫ್ರೀಡ್ ಹರ್ಫರ್ಡ್ 1916ರಲ್ಲಿ ಫ್ರಾನ್ಸಿನಲ್ಲಿ ಸತ್ತ. ಯಂಗ್‌ನೇ 1917ರಲ್ಲಿ ಇಟಲಿಯ ಯುದ್ಧಭೂಮಿಯಲ್ಲಿ ಎಡಗಾಲು ಕಳೆದುಕೊಂಡ. ಅವನು ಹಟ ಬಿಡಲಿಲ್ಲ. ಲೋಹದ ಕಾಲು ಕಟ್ಟಿಕೊಂಡು ಇದೇ ವೇಲ್ಸಿನ ಬೆಟ್ಟಗಳಲ್ಲಿ ಮತ್ತೆ ಹತ್ತುವುದನ್ನು ಕಲಿತ. 1928ರಲ್ಲಿ ಆ ಒಂದು ಕಾಲಿನಲ್ಲಿ ಮ್ಯಾಟರ್‌ಹಾರ್ನ್ ಏರಿದ. ತಾಲೀಮು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಯುದ್ಧದಿಂದ ಬದುಕಿ ಬಂದ ಮ್ಯಾಲೊರಿಗೆ 1921ರಲ್ಲಿ ಎವರೆಸ್ಟ್‌ನ ಕರೆ ಬಂತು. ಹೆಂಡತಿ, ಮೂರು ಮಕ್ಕಳು, ಮೇಷ್ಟರ ಕೆಲಸ ಎಲ್ಲವನ್ನೂ ಎದುರಿಗಿಟ್ಟುಕೊಂಡು ಹಿಂದೆ ಮುಂದೆ ನೋಡುತ್ತಿದ್ದವನಿಗೂ ಅವನ ಹೆಂಡತಿ ರೂತ್‌ಗೂ ಧೈರ್ಯ ಹೇಳಿ ಒಪ್ಪಿಸಿದವನು ಯಂಗ್.

ಮರುವರ್ಷ, 1922ರ ಜೂನ್ 7. ಹೊಸ ಹಿಮ ಬಿದ್ದಿತ್ತು. ನಾರ್ತ್ ಕೋಲ್ ಕಡೆಗಿನ ಇಳಿಜಾರಿನಲ್ಲಿ ಮ್ಯಾಲೊರಿ, ಸೊಮರ್‌ವೆಲ್, ಕ್ರಾಫರ್ಡ್ ಮುಂದೆ. ಹಗ್ಗಕ್ಕೆ ಕಟ್ಟಿಕೊಂಡ ಹದಿನಾಲ್ಕು ಮಂದಿ ಹೊರೆಯಾಳುಗಳು ಹಿಂದೆ. ಹಿಮ ಜಾರಿತು. ಮುಂದಿದ್ದವರು ಹೇಗೋ ಎದ್ದು ನಿಂತರು. ಹಿಂದಿದ್ದವರಲ್ಲಿ ಒಂಬತ್ತು ಜನ ಹಿಮದ ಗೋಡೆಯಾಚೆಗೆ ಬಿದ್ದರು. ಇಬ್ಬರನ್ನು ಜೀವಂತ ಹೊರತೆಗೆಯಲಾಯಿತು, ಏಳು ಮಂದಿ ಸತ್ತರು. ವೇಲ್ಸಿನ ಹಿಮ ಕಾಲು ಊರುವುದನ್ನು ಕಲಿಸುತ್ತದೆ, ಕೊಡಲಿಯಿಂದ ಮೆಟ್ಟಿಲು ಕಡಿಯುವುದನ್ನು ಕಲಿಸುತ್ತದೆ. ಹಿಮಾಲಯದ ಮುಂಗಾರಿನ ಹಿಮ ಯಾವಾಗ ಹೊರೆ ತಾಳದೆ ಕಳಚುತ್ತದೆ ಎಂಬುದನ್ನು ಅದು ಕಲಿಸಿರಲಿಲ್ಲ. ಆ ತಪ್ಪು ತನ್ನದೆಂದು ಮ್ಯಾಲೊರಿ ಕೊರಗಿದ. ಸತ್ತವರೆಲ್ಲ ಹೊರೆಯಾಳುಗಳೇ ಆದರಲ್ಲ, ತಮ್ಮಲ್ಲೊಬ್ಬರಾದರೂ ಅವರ ಜೊತೆ ಸತ್ತಿದ್ದರೆ ತಾವೂ ನಷ್ಟದಲ್ಲಿ ಪಾಲುಗಾರರೆಂದು ಹೇಳಬಹುದಿತ್ತು ಎಂಬ ಅರ್ಥದ ಮಾತನ್ನು ಸೊಮರ್‌ವೆಲ್ ಬರೆದ. ಲಂಡನ್ನಿನಲ್ಲಿ ದೊಡ್ಡ ಶಸ್ತ್ರವೈದ್ಯನಾಗಬಹುದಾಗಿದ್ದ ಈ ಸೊಮರ್‌ವೆಲ್ ಆ ಬದುಕನ್ನು ಬಿಟ್ಟು ದಕ್ಷಿಣ ಭಾರತಕ್ಕೆ ಬಂದು, ತಿರುವಾಂಕೂರಿನ ನೆಯ್ಯೂರಿನ ಆಸ್ಪತ್ರೆಯಲ್ಲಿ ದಶಕಗಳ ಕಾಲ ಬಡವರಿಗೆ ಮದ್ದು ಮಾಡಿದ.

ಮ್ಯಾಲೊರಿ 1924ರ ಜೂನ್ 8ರಂದು ಇರ್ವಿನ್ ಜೊತೆ ಎವರೆಸ್ಟ್‌ನ ಮೋಡದಲ್ಲಿ ಮರೆಯಾದ. ಅವನ ದೇಹ ಸಿಕ್ಕಿದ್ದು 75 ವರ್ಷದ ಮೇಲೆ, 1999ರಲ್ಲಿ.

*

ಮೂರನೆಯ ತಾಲೀಮು 1953ರ ಜನವರಿಯದು. ಕರ್ನಲ್ ಜಾನ್ ಹಂಟ್‌ಗೆ ಅದೃಷ್ಟವನ್ನು ನೆಚ್ಚಿಕೊಳ್ಳುವ ಅಭ್ಯಾಸವಿರಲಿಲ್ಲ. ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್‌ನ ಚಳಿಯಲ್ಲಿ ಡೇರೆ, ಬೂಟು, ಬಟ್ಟೆಗಳ ಪರೀಕ್ಷೆ ಆಗಿತ್ತು. ಈಗ ವಾರಾಂತ್ಯಕ್ಕೆ ವೇಲ್ಸಿನಲ್ಲಿ ತಂಡ ಸೇರಿ ಆಮ್ಲಜನಕದ ಉಪಕರಣಗಳನ್ನು ಬೆನ್ನಿಗೇರಿಸಿ ಬೆಟ್ಟ ಹತ್ತಿತು. ಉಪಕರಣ ಎರಡು ಬಗೆಯದು. ಒಂದರಲ್ಲಿ ಸಿಲಿಂಡರಿನ ಆಮ್ಲಜನಕ ಹೊರಗಿನ ಗಾಳಿಯ ಜೊತೆ ಬೆರೆತು ಮೂಗಿಗೆ ಬರುತ್ತದೆ. ಇನ್ನೊಂದರಲ್ಲಿ ಹೊರಗಿನ ಗಾಳಿಯೇ ಇಲ್ಲ, ಶುದ್ಧ ಆಮ್ಲಜನಕ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಒಂದು ಡಬ್ಬಿ ಹೀರಿಕೊಂಡು ಉಳಿದದ್ದನ್ನು ಮತ್ತೆ ಉಸಿರಾಟಕ್ಕೆ ಕೊಡುತ್ತದೆ. ಎರಡನೆಯದರಿಂದ ಬೇಗ ಏರಬಹುದು, ಆದರೆ ಕೆಟ್ಟರೆ ಕಷ್ಟ. ಟಾಮ್ ಬೋರ್ಡಿಲನ್ ತನ್ನ ತಂದೆಯ ಜೊತೆ ಸೇರಿ ಇದನ್ನು ತಯಾರಿಸಿದ್ದ.

ಮೇ 26ರಂದು ಈ ಎರಡನೆಯ ಬಗೆಯ ಉಪಕರಣ ಹಾಕಿಕೊಂಡು ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ಹೊರಟರು. ಇವಾನ್ಸ್ ವೇಲ್ಸಿನಲ್ಲೇ ಬೆಳೆದವ, ಆ ಭಾಷೆ ಆಡುವವ. ಅವರು ದಕ್ಷಿಣ ಶಿಖರವನ್ನು ಮುಟ್ಟಿದರು. ಅಲ್ಲಿಯವರೆಗೆ ಮನುಷ್ಯ ಅಷ್ಟೆತ್ತರಕ್ಕೆ ಏರಿದ್ದಕ್ಕೆ ದಾಖಲೆಯಿರಲಿಲ್ಲ. ತುದಿ ಕಣ್ಣೆದುರೇ ಇತ್ತು, ನೂರು ಮೀಟರಿನಷ್ಟು ಮೇಲೆ. ಉಪಕರಣ ತೊಂದರೆ ಕೊಟ್ಟಿತ್ತು, ಹೊತ್ತು ಮೀರಿತ್ತು, ದೇಹ ಸೋತಿತ್ತು. ಅವರು ತಿರುಗಿ ಬಂದರು. ಮೂರು ದಿನದ ಮೇಲೆ, ಮೇ 29ರ ಬೆಳಗ್ಗೆ ಹನ್ನೊಂದೂವರೆಗೆ, ಮೊದಲ ಬಗೆಯ ಉಪಕರಣ ಹಾಕಿಕೊಂಡಿದ್ದ ಹಿಲರಿ ಮತ್ತು ತೇನ್‌ಸಿಂಗ್ 8,848 ಮೀಟರಿನ ಆ ತುದಿಯ ಮೇಲೆ ನಿಂತರು.

ಇಲ್ಲಿ ಒಂದು ವಿಚಿತ್ರವಿದೆ. ಜನವರಿಯ ಆ ವಾರಾಂತ್ಯದಲ್ಲಿ ಹಿಲರಿ ವೇಲ್ಸಿನಲ್ಲಿರಲಿಲ್ಲ. ಅವನಿದ್ದದ್ದು ನ್ಯೂಜಿಲೆಂಡಿನಲ್ಲಿ, ಜೇನು ಸಾಕುವ ಮನೆತನದಲ್ಲಿ. ಅವನ ಗರಡಿ ಅಲ್ಲಿಯ ಹಿಮದ ಬೆಟ್ಟಗಳು. ತೇನ್‌ಸಿಂಗ್ ಡಾರ್ಜಿಲಿಂಗಿನಲ್ಲಿದ್ದ. ಅವನಿಗೆ ತಾಲೀಮಿನ ರಜೆ ಎಂಬುದು ಯಾವತ್ತೂ ಸಿಕ್ಕಿರಲಿಲ್ಲ. 1935ರಲ್ಲಿ ಹೊರೆ ಹೊರಲು ಮೊದಲ ಸಲ ಎವರೆಸ್ಟ್ ಕಡೆಗೆ ಹೋದವನು, 1953ರಲ್ಲಿ ಏಳನೆಯ ಸಲ ಹೋಗುತ್ತಿದ್ದ. ಹಿಂದಿನ ವರ್ಷ ಸ್ವಿಸ್ ತಂಡದ ಲ್ಯಾಂಬರ್ಟ್ ಜೊತೆ 8,500 ಮೀಟರ್ ದಾಟಿ ಹಿಂತಿರುಗಿದ್ದ. ಬೇರೆಯವರು ರಜೆ ಹಾಕಿ ಕಲಿತದ್ದನ್ನು ಅವನು ಕೂಲಿಗೆ ದುಡಿಯುತ್ತ ಕಲಿತ. ಅವನ ತಾಲೀಮಿನಲ್ಲಿ ಬಿದ್ದರೆ ಏಳುವ ಅನುಕೂಲವಿರಲಿಲ್ಲ. 1922ರ ಆ ಏಳು ಜನರಿಗೆ ಇರದಿದ್ದ ಹಾಗೆಯೇ.

ಸ್ನೋಡನ್‌ನಲ್ಲೂ ಇದೇ ಮಾತು ನೆಲದ ಮೇಲೆ ಬರೆದಿಟ್ಟಂತಿದೆ. ಪೆನ್-ಎ-ಪಾಸ್‌ನಿಂದ ಬೆಟ್ಟಕ್ಕೆ ಹೋಗುವ ಒಂದು ದಾರಿಗೆ ‘ಮೈನರ್ಸ್ ಟ್ರ್ಯಾಕ್’, ಅಂದರೆ ಗಣಿಯವರ ದಾರಿ ಎಂದು ಹೆಸರು. ಬೆಟ್ಟದ ಮಡಿಲಿನ ಕೊಳದ ಬಳಿ ತಾಮ್ರದ ಗಣಿಯಿತ್ತು. ಸರೋವರಕ್ಕೆ ಅಡ್ಡಲಾಗಿ ಕಲ್ಲಿನ ದಾರಿ ಕಟ್ಟಿದ್ದು 1853ರಲ್ಲಿ. ಗಣಿ ಮುಚ್ಚಿದ್ದು 1916ರಲ್ಲಿ. ಟಿಂಡಾಲ್ ಹಿಮ ನೋಡಲು ಬಂದಾಗಲೂ ಮ್ಯಾಲೊರಿ ಬಂಡೆ ಹತ್ತಲು ಬಂದಾಗಲೂ ಅದೇ ಬೆಟ್ಟದಲ್ಲಿ ಗಣಿಯ ಆಳುಗಳು ಹೊಟ್ಟೆಪಾಡಿಗಾಗಿ ಹತ್ತಿ ಇಳಿಯುತ್ತಿದ್ದರು. ಅವರಲ್ಲಿ ಒಬ್ಬರ ಹೆಸರೂ ಏರುಗರ ಇತಿಹಾಸದಲ್ಲಿ ಬರುವುದಿಲ್ಲ. ದಾರಿಯ ಹೆಸರಿನಲ್ಲಿ ಮಾತ್ರ ಎಲ್ಲರೂ ಸೇರಿ ಉಳಿದಿದ್ದಾರೆ.

ತೇನ್‌ಸಿಂಗ್‌ನ ಕಥೆ ಅಲ್ಲಿಗೆ ನಿಲ್ಲಲಿಲ್ಲ ಎಂಬುದು ಸಮಾಧಾನದ ಸಂಗತಿ. 1954ರ ನವೆಂಬರ್ 4ರಂದು ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಅದಕ್ಕೆ ನೆಹರೂ ಆಸಕ್ತಿ ಬೆನ್ನೆಲುಬಾಗಿತ್ತು. ಅದಕ್ಕೂ ಮೊದಲು ತೇನ್‌ಸಿಂಗ್ ಮತ್ತು ಕೆಲವು ಶೆರ್ಪಾಗಳನ್ನು ಸ್ವಿಟ್ಜರ್ಲೆಂಡಿನ ರೋಸೆನ್‌ಲಾವಿಗೆ ಕಳುಹಿಸಿ, ಆರ್ನಲ್ಡ್ ಗ್ಲಾಟ್‌ಹಾರ್ಡ್ ಎಂಬ ಮಾರ್ಗದರ್ಶಿಯ ಕೈಕೆಳಗೆ ಪಾಠ ಹೇಳುವ ವಿದ್ಯೆಯನ್ನು ಕಲಿಸಲಾಯಿತು. ಎವರೆಸ್ಟ್ ಏರಿ ಬಂದ ಮೇಲೆ ತೇನ್‌ಸಿಂಗ್ ವಿದ್ಯಾರ್ಥಿಯಾಗಿ ಕೂತ. ಆಮೇಲೆ ಸಂಸ್ಥೆಯ ಕ್ಷೇತ್ರ ತರಬೇತಿಯ ನಿರ್ದೇಶಕನಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಸಾವಿರಾರು ಹುಡುಗ ಹುಡುಗಿಯರಿಗೆ ಹಿಮದಲ್ಲಿ ಹೆಜ್ಜೆಯಿಡುವುದನ್ನು ಕಲಿಸಿದ. ಇವತ್ತು ನಮ್ಮ ಊರುಗಳಿಂದಲೂ ಬೆನ್ನಿಗೆ ಚೀಲ ಹಾಕಿಕೊಂಡು ಅಲ್ಲಿಗೆ ಹೋಗುವ ಮಕ್ಕಳಿದ್ದಾರೆ. ಬಿದ್ದರೆ ಹಿಡಿಯಲು ಹಗ್ಗವಿದೆ, ತಪ್ಪಿದರೆ ತಿದ್ದಲು ಒಬ್ಬ ಶೆರ್ಪಾ ಮೇಷ್ಟರಿದ್ದಾರೆ.

ಪೆನ್-ಎ-ಗೂರಿಡ್‌ನ ಚಾವಣಿಯ ಮೇಲಿನ ಸಹಿಗಳ ನಡುವೆ ತೇನ್‌ಸಿಂಗ್‌ನದೂ ಇದೆ ಎಂದೆ. ಹಲವು ಭಾಷೆ ಆಡುತ್ತಿದ್ದರೂ ಅವನು ಶಾಲೆಯ ಓದು ಬರಹ ಕಲಿತವನಲ್ಲ. ತನ್ನ ಹೆಸರು ಬರೆಯುವುದನ್ನು ಅವನು ಬೇರೆಯಾಗಿಯೇ ಕಲಿಯಬೇಕಾಯಿತು. ಅದಕ್ಕೂ ಎಷ್ಟು ಸಲ ತಾಲೀಮು ಮಾಡಿದ್ದನೋ.